ಲೈನ್‌ಮನ್ ಮನೆಗೆ ಬಂದ ಪಾತ್ರೆಗಳು

“ನಿಮ್ಮೂರು ಯಾವುದು?” ಅಂತ ಆಫೀಸಿನಲ್ಲಿ ಯಾರಾದರೂ ಕೇಳಿದರೆ ನನಗೆ ತಟ್ಟನೆ ಉತ್ತರ ಬರುವುದಿಲ್ಲ. ಆಧಾರ್ ಕಾರ್ಡಿನಲ್ಲಿ ಇರೋದು ಕಡೂರು ತಾಲ್ಲೂಕಿನ ಒಂದು ಹಳ್ಳಿ. ಬೇಸಿಗೆ ರಜೆ ಬಿಟ್ಟರೆ ಅಲ್ಲಿ ನಾನು ಇದ್ದವಳೇ ಅಲ್ಲ. ನಾಲ್ಕನೇ ವಯಸ್ಸಿನಿಂದ ಪಿಯುಸಿ ಮುಗಿಯೋ ತನಕ ಬೆಳೆದದ್ದು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಈ ಮೂರು ಊರುಗಳಲ್ಲಿ. ಮೂರರಲ್ಲೂ ನಮಗೆ ಸ್ವಂತ ಮನೆ ಇರಲಿಲ್ಲ, ಒಂದು ಗುಂಟೆ ತೋಟ ಇರಲಿಲ್ಲ, ನೆಂಟರು ಇರಲಿಲ್ಲ. ಕೊನೆಗೆ “ಮಲೆನಾಡು” ಅಂದುಬಿಡ್ತೀನಿ. ಎದುರಿಗಿರೋರು ಆ ಕಡೆಯವರೇ ಆಗಿದ್ದರೆ ತಕ್ಷಣ ಮುಂದಿನ ಪ್ರಶ್ನೆ ಬರುತ್ತೆ: “ಹೌದಾ! ಯಾರ ಮನೆ?”

ಯಾರ ಮನೆಯೂ ಅಲ್ಲ. ಅಪ್ಪ ಲೈನ್‌ಮನ್. ವಿದ್ಯುತ್ ಮಂಡಳಿ ಹೋಗಿ ಕಂಪನಿಗಳಾಗಿ ಎಷ್ಟೋ ವರ್ಷವಾದರೂ ಆ ಕಡೆ ಜನ ಈಗಲೂ “ಕೆಇಬಿಯೋರು” ಅಂತಲೇ ಕರೆಯೋದು. ಅಪ್ಪನಿಗೆ ವರ್ಗವಾದ ಕಡೆಗೆಲ್ಲ ನಾವು ಟ್ರಂಕು, ಗ್ಯಾಸ್ ಸಿಲಿಂಡರು, ಒಂದು ರಾಗಿ ಚೀಲದ ಸಮೇತ ಹೋಗಿ ಇಳೀತಿದ್ವಿ.

ಆ ರಾಗಿ ಚೀಲದ ಬಗ್ಗೆ ಒಂದು ಮಾತು ಹೇಳಬೇಕು. ಕಡೂರೂ ಶೃಂಗೇರಿಯೂ ಇರೋದು ಒಂದೇ ಚಿಕ್ಕಮಗಳೂರು ಜಿಲ್ಲೆಯಲ್ಲಿ. ಆದರೆ ಕಡೂರಿಗೆ ವರ್ಷವಿಡೀ ಬೀಳೋ ಮಳೆಗಿಂತ ಜಾಸ್ತಿ ಮಳೆ ಶೃಂಗೇರಿಗೆ ಜುಲೈ ಒಂದೇ ತಿಂಗಳಲ್ಲಿ ಬೀಳುತ್ತೆ. ಒಂದು ಕಡೆ ರಾಗಿ, ಹುರುಳಿ, ತೆಂಗು. ಇನ್ನೊಂದು ಕಡೆ ಭತ್ತ, ಅಡಿಕೆ, ಕಾಫಿ. 1998ರ ಮಳೆಗಾಲದಲ್ಲಿ ಅಮ್ಮ ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಅವಳಿಗೆ ಬರ್ತಿದ್ದದ್ದು ಮುದ್ದೆ, ಬಸ್ಸಾರು, ಹುರುಳಿ ಸಾರು. ಕಳಲೆ ಅಂದರೆ ಏನು, ಮರಕೆಸು ಅಂದರೆ ಏನು, ತಂಬುಳಿ ಕುಡಿಯೋದೋ ಕಲಸೋದೋ ಯಾವುದೂ ಗೊತ್ತಿರಲಿಲ್ಲ. ನಾನು ಇವತ್ತು “ನಮ್ಮ ಕಡೆ ಊಟ” ಅಂತ ಗೆಳತಿಯರ ಮುಂದೆ ಕೊಚ್ಚಿಕೊಳ್ಳೋದೆಲ್ಲ ಪಕ್ಕದ ಮನೆಯವರು ಕೊಟ್ಟದ್ದು, ಅವರೇ ಕಲಿಸಿದ್ದು. ಅಜ್ಜಿ ಕಾಲದಿಂದ ಬಂದದ್ದು ಒಂದೂ ಇಲ್ಲ.

ಕೊಪ್ಪದಲ್ಲಿ ನಮ್ಮ ಬಾಡಿಗೆ ಮನೆ ಪೇಟೆಯಿಂದ ಸ್ವಲ್ಪ ಮೇಲಕ್ಕೆ, ಗುಡ್ಡದ ಅಂಚಿಗೆ ಇತ್ತು. ಹಂಚಿನ ಮನೆ. ಅದಕ್ಕೂ ಮೇಲಿನ ಮನೆಯಲ್ಲಿ ಗೌಡರ ಅಜ್ಜಮ್ಮ. ಬಂದ ಎರಡನೇ ವಾರವೋ ಏನೋ, ಅಪ್ಪ ಲೈನ್ ಕೆಲಸಕ್ಕೆ ಹೋದ ಕಡೆ ಯಾರೋ ಕಳಲೆ ಕೊಟ್ಟು ಕಳಿಸಿದ್ದರಂತೆ. ಎಳೇ ಬಿದಿರು. ಅಮ್ಮ ಅದನ್ನ ಬಾಳೆದಿಂಡಿನ ಜಾತಿ ಅಂದುಕೊಂಡು ಹೆಚ್ಚಿ ಒಲೆ ಮೇಲೆ ಇಡೋಕೆ ಹೊರಟಿದ್ದಳು. ಅಷ್ಟೊತ್ತಿಗೆ ಅಜ್ಜಮ್ಮ “ಕರೆಂಟ್ ಯಾವಾಗ ಬತ್ತದಂತೆ?” ಅಂತ ಕೇಳೋಕೆ ಬಂದವರು ಬಾಗಿಲಲ್ಲೇ ಕೂಗಿದರಂತೆ: “ಎಂತ ಮಾಡ್ತಿದೀಯೇ ಮಾರಾಯ್ತಿ! ಹಂಗೇ ಬೇಯ್ಸಿ ತಿಂದ್ರೆ ಮನೆಯೋರೆಲ್ಲ ಮಲಗ್ತೀರಿ!”

ಹಸಿ ಕಳಲೆಯಲ್ಲಿ ಸಯನೈಡ್ ಹುಟ್ಟಿಸೋ ಅಂಶ ಇರುತ್ತೆ ಅಂತ ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಅಜ್ಜಮ್ಮನಿಗೆ ಆ ಹೆಸರು ಗೊತ್ತಿರಲಿಲ್ಲ, ಲೆಕ್ಕ ಗೊತ್ತಿತ್ತು. ಹೆಚ್ಚಿ ನೀರಲ್ಲಿ ಹಾಕು, ದಿನಾ ನೀರು ಬದಲಿಸು, ಮೂರನೇ ದಿನಕ್ಕೆ ಒಲೆ ಹತ್ತಿಸು. ಆ ಮೂರು ದಿನವೂ ಅವರೇ ಬಂದು ನೀರು ಚೆಲ್ಲಿದೆಯಾ ಅಂತ ನೋಡಿಕೊಂಡು ಹೋದರಂತೆ. ಮೂರನೇ ದಿನ ಹೆಸರುಕಾಳು ಹಾಕಿ ಹುಳಿ ಮಾಡಿಸಿ, ಮೊದಲ ಸೌಟು ತಾವೇ ತಿಂದು ತೋರಿಸಿದರಂತೆ.

ಪತ್ರೊಡೆಯೂ ಹಾಗೇ ಬಂತು. ಕೆಸುವಿನ ಎಲೆ ಕೊಯ್ದು ಅಮ್ಮನ ಕೈಯೆಲ್ಲ ತುರಿಕೆ ಎದ್ದಿತ್ತು. ಹುಳಿ ಸಾಕಷ್ಟು ಹಾಕದಿದ್ದರೆ ಗಂಟಲೂ ಹಾಗೇ ಆಗುತ್ತೆ. ಆಮೇಲೆ ಅವಳು ಮರಕೆಸು ಗುರುತಿಸೋದು ಕಲಿತಳು. ಮಳೆ ಜೋರಾದ ಮೇಲೆ ಮರದ ಮೈಮೇಲೇ ಹುಟ್ಟೋ ಕೆಸು ಅದು. ಅಪ್ಪನಿಗಂತೂ ಲೈನ್ ಮೇಲೆ ಬಿದ್ದ ಮರ ಕಡಿಸೋವಾಗ ಕೊಂಬೆಯಲ್ಲಿ ಅದು ಸಿಗ್ತಿತ್ತು. ಬಿದ್ದ ಮರದಿಂದ ಊರಿಗೆಲ್ಲ ಕತ್ತಲೆ, ನಮ್ಮ ಮನೆಗೆ ಪತ್ರೊಡೆ! ನೆನೆಸಿದ ಅಕ್ಕಿ, ಒಣಮೆಣಸು, ಕೊತ್ತಂಬರಿ, ಹುಣಸೆ, ಬೆಲ್ಲ ಎಲ್ಲ ಒರಳಲ್ಲೇ ರುಬ್ಬಬೇಕಿತ್ತು. ಮಿಕ್ಸಿ ಇತ್ತು, ಕರೆಂಟ್ ಎಲ್ಲಿಂದ ಬರಬೇಕು? ಲೈನ್‌ಮನ್ ಮನೆಯಲ್ಲೇ ಕರೆಂಟ್ ಇಲ್ಲ ಅನ್ನೋದು ಇಡೀ ಕೇರಿಗೆ ಸಮಾಧಾನದ ವಿಷಯ.

ಅಪ್ಪನ ಊಟದ ಡಬ್ಬಿ ಒಂದು ಬೇರೆ ಕಥೆ. ಬೆಳಿಗ್ಗೆ ಉಪ್ಪಿಟ್ಟು ತುಂಬಿಕೊಂಡು ಹೋದ ಡಬ್ಬಿ ಸಂಜೆ ಏನು ತುಂಬಿಕೊಂಡು ಬರುತ್ತೆ ಅಂತ ಹೇಳೋಕಾಗ್ತಿರಲಿಲ್ಲ. ಕಾಡಿನ ನಡುವೆ ಒಂಟಿ ಮನೆ, ಐದಾರು ದಿನದಿಂದ ಕತ್ತಲೆ, ಅಪ್ಪ ಹೋಗಿ ತಂತಿ ಎಳೆದು ದೀಪ ಹತ್ತಿದ ಮೇಲೆ ಆ ಮನೆಯವರು ಸುಮ್ಮನೆ ಬಿಡ್ತಾರಾ? “ಉಣ್ಣದೇ ಹೋದ್ರೆ ಕರೆಂಟೂ ನಿಮ್ಮ ಹಿಂದೇನೇ ಹೋಗ್ತದೆ” ಅಂತ ಕೂರಿಸಿ ಬಡಿಸ್ತಿದ್ದರಂತೆ. ಮಕ್ಕಳಿಗೆ ಅಂತ ಡಬ್ಬಿಗೆ ಅಕ್ಕಿ ಕಡುಬು, ಕೋಳಿ ಸಾರು. ಗದ್ದೆ ನಾಟಿ ಹೊತ್ತಿಗೆ ಏಡಿ ಸಾರು. ಗುಡುಗು ಬಂದು ಹೋದ ಮೇಲೆ ಬಾಳೆಲೆಯಲ್ಲಿ ಕಟ್ಟಿದ ಹೆಗ್ಗಾಲಣಬೆ. ಮರ ಹತ್ತಿ ಅಡಿಕೆ ಕೊನೆ ಇಳಿಸೋರು ಮತ್ತು ಕಂಬ ಹತ್ತೋ ಅಪ್ಪ ಒಂಥರಾ ದಾಯಾದಿಗಳು. ಅವರ ಮನೆಯಿಂದ ಬಂದ ಒಣಮೀನಿನ ಚಟ್ನಿಯ ರುಚಿ ನನಗೆ ಇನ್ನೆಲ್ಲೂ ಸಿಕ್ಕಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಮಳೆಗಾಲದ ರಾತ್ರಿಗಳನ್ನೂ ಹೇಳಲೇಬೇಕು. ಆ ಕೆಲಸ ಎಂಥದ್ದು ಅಂತ ಮನೆಯವರಿಗೆ ಮಾತ್ರ ಗೊತ್ತು. ಗಾಳಿಗೆ ಹಂಚು ಹಾರೋ ಹೊತ್ತಲ್ಲಿ ಫೋನ್ ಬರೋದು, ಅಪ್ಪ ರೈನ್‌ಕೋಟ್ ಹಾಕಿಕೊಂಡು ಟಾರ್ಚ್ ಹಿಡಿದು ಹೊರಡೋದು. ಆಮೇಲೆ ಸುದ್ದಿಯೇ ಇಲ್ಲ. ಮೊಬೈಲ್ ಇರಲಿಲ್ಲ, ಇದ್ದಿದ್ದರೂ ನೆಟ್‌ವರ್ಕ್ ಇರ್ತಿರಲಿಲ್ಲ. ಅಮ್ಮ ಒಲೆ ಆರದ ಹಾಗೆ ಕೆಂಡ ಕೆದಕುತ್ತಾ ಕೂರೋಳು. ಅಜ್ಜಮ್ಮ ಕಂಬಳಿ ಕೊಪ್ಪೆ ಹಾಕಿಕೊಂಡು, ಸೆರಗಿನ ಕೆಳಗೆ ಹಲಸಿನ ಹಪ್ಪಳ ಹಿಡಿದು ಇಳಿದು ಬರ್ತಿದ್ದರು. ಕೆಂಡದ ಮೇಲೆ ಸುಟ್ಟು, ಕೊಬ್ಬರಿ ಎಣ್ಣೆ ಸವರಿ ಒಂದೊಂದೇ ಕೊಡೋರು. ಜೊತೆಗೆ ಕಷಾಯ. “ಬಂದೇ ಬತ್ತಾರೆ ಬಿಡೇ” ಅಂತ ಗಂಟೆಗೊಮ್ಮೆ ಹೇಳೋರು. ಅಪ್ಪ ಹನ್ನೆರಡಕ್ಕೋ ಒಂದಕ್ಕೋ ಬಂದು, ಅಂಗಳದಲ್ಲೇ ಕಾಲಿನ ಇಂಬಳಕ್ಕೆ ಸುಣ್ಣ ಹಚ್ಚಿ ಕಿತ್ತು ಬಿಸಾಕಿದ ಮೇಲೇ ಅಜ್ಜಮ್ಮ ಎದ್ದು ಮನೆಗೆ ಹೋಗ್ತಿದ್ದದ್ದು. ಸುಟ್ಟ ಹಪ್ಪಳದ ವಾಸನೆ ಬಂದರೆ ಈಗಲೂ ನನಗೆ ಹಸಿವಾಗೋದಿಲ್ಲ. ಕಿವಿ ಬಾಗಿಲ ಕಡೆ ಹೋಗುತ್ತೆ.

ಆ ಹಪ್ಪಳ ತಯಾರಾಗ್ತಿದ್ದದ್ದು ಏಪ್ರಿಲ್, ಮೇನಲ್ಲಿ. ಬಲಿತ, ಆದರೆ ಹಣ್ಣಾಗದ ಹಲಸಿನಕಾಯಿ. ಐದಾರು ಮನೆಯ ಹೆಂಗಸರು ಒಂದೇ ಅಂಗಳದಲ್ಲಿ ಸೇರಿ, ಒಬ್ಬರು ಕೈಗೆ ಎಣ್ಣೆ ಹಚ್ಚಿ ತೊಳೆ ಬಿಡಿಸೋದು, ಒಬ್ಬರು ಬೇಯಿಸೋದು, ಇಬ್ಬರು ಒನಕೆಯಲ್ಲಿ ಕುಟ್ಟೋದು. ಉಪ್ಪು, ಖಾರ, ಜೀರಿಗೆ ಬಿದ್ದ ಹಿಟ್ಟನ್ನ ಉಂಡೆ ಕಟ್ಟೋ ಹೊತ್ತಿಗೆ ನಾವು ಮಕ್ಕಳು ಕಾಲುಭಾಗ ಖಾಲಿ ಮಾಡಿರ್ತಿದ್ವಿ. ಚಾಪೆ ಮೇಲೆ ಹಳೇ ಪಂಚೆ ಹಾಸಿ ಒಣಗಿಸಿ, ಕಾಗೆ ಓಡಿಸೋ ಕೆಲಸ ನಮ್ಮದು. ಸಂಜೆ ಲೆಕ್ಕ ಮಾಡಿ ಮನೆಮನೆಗೆ ಹಂಚೋವಾಗ ನಮಗೂ ಸಮನಾಗಿ ಒಂದು ಪಾಲು. ನಮಗೆ ಹಲಸಿನ ಮರವೇ ಇರಲಿಲ್ಲ. ಅಮ್ಮ ಅದಕ್ಕೇ ಎಲ್ಲರಿಗಿಂತ ಜಾಸ್ತಿ ಕುಟ್ಟೋಳು ಅಂತ ನನಗೆ ಆಮೇಲೆ ಹೊಳೆಯಿತು.

2004ರಲ್ಲಿ ಅಪ್ಪನಿಗೆ ಶೃಂಗೇರಿಗೆ ವರ್ಗವಾಯ್ತು. ಕೊಪ್ಪದಿಂದ ಹರಿಹರಪುರದ ಮೇಲೆ ಹೋದರೆ ಒಂದು ಗಂಟೆ ದಾರಿ. ಅಜ್ಜಮ್ಮ ಅತ್ತರು. ಆದರೆ ಒಂದು ತಿಂಗಳಲ್ಲೇ ಅವರ ಪಾತ್ರೆಗಳು ಬಸ್ಸಿನಲ್ಲಿ ಬರೋಕೆ ಶುರುವಾದವು. ಆಗ ಆ ಕಡೆ ಓಡಾಡ್ತಿದ್ದದ್ದು ಸಹಕಾರ ಸಾರಿಗೆ ಬಸ್ಸುಗಳು. ಮುಚ್ಚಿಹೋದ ಖಾಸಗಿ ಬಸ್ ಕಂಪನಿಯೊಂದರ ಕಾರ್ಮಿಕರು ಸೇರಿ 1991ರಲ್ಲಿ ಕೊಪ್ಪದಲ್ಲಿ ಕಟ್ಟಿದ ಸಂಸ್ಥೆ ಅದು. ಓಡಿಸೋ ಡ್ರೈವರ್, ಚೀಟಿ ಹರಿಯೋ ಕಂಡಕ್ಟರ್‌ಗಳೇ ಮಾಲೀಕರು. ಇಂಥದ್ದೊಂದು ನಮ್ಮ ಸಣ್ಣ ಊರಿನಲ್ಲಿ ನಡೀತಿತ್ತು ಅಂತ ನನ್ನ ಸಹೋದ್ಯೋಗಿಗಳಿಗೆ ಹೇಳಿದರೆ ನಂಬೋದಿಲ್ಲ. ಕಂಡಕ್ಟರ್ ಕೈಲಿ “ಶೃಂಗೇರಿ ಬಸ್ ಸ್ಟ್ಯಾಂಡಲ್ಲಿ ಕೆಇಬಿಯೋರ ಹುಡುಗಿ ಬತ್ತದೆ, ಕೊಡಿ” ಅಂದರೆ ಸಾಕು. ನಾನು ಸ್ಕೂಲ್ ಬಿಟ್ಟು ಹೋಗಿ ತಗೊಂಡು ಬರ್ತಿದ್ದೆ. ವಾಪಸ್ ಬಸ್ಸಿಗೆ ಅದೇ ಪಾತ್ರೆಯಲ್ಲಿ ಬೇರೆ ಏನೋ ಹೋಗ್ತಿತ್ತು. ಖಾಲಿ ಪಾತ್ರೆ ಕಳಿಸಬಾರದು ಅನ್ನೋದು ನಿಮ್ಮ ಮನೆಯಲ್ಲೂ ಇರುತ್ತೆ, ಹೆಚ್ಚು ಹೇಳಬೇಕಿಲ್ಲ.

ಶೃಂಗೇರಿಯಲ್ಲಿ ಮಾತ್ರ ಆ ನಿಯಮ ಅಷ್ಟು ಸುಲಭ ಇರಲಿಲ್ಲ.

ನಮ್ಮ ಬಾಡಿಗೆ ಮನೆ ಒಬ್ಬ ಭಟ್ಟರ ತೋಟದ ಅಂಚಿಗಿತ್ತು. ಬೇಲಿಯಾಚೆ ಅವರ ಮನೆ. ಭಟ್ಟರ ಹೆಂಡತಿಯನ್ನ ನಾವು ಕರೀತಿದ್ದದ್ದು ಭಟ್ರಮ್ಮ ಅಂತ. ಬೇಲಿ ಮೇಲಿಂದ ಬಾರದ ವಸ್ತುವಿಲ್ಲ: ಒಂದೆಲಗ, ದಾಸವಾಳ, ಹಲಸಿನ ಬೀಜ, ಬಾಳೆಗೊನೆಯ ಅರ್ಧ, ಜೀರಿಗೆ ಪರಿಮಳದ ಅಪ್ಪೆಮಿಡಿ. ಬೇಯಿಸಿದ್ದೂ ಬರ್ತಿತ್ತು. ಅರಿಶಿನದೆಲೆ ಕಡುಬು, ಹಾಲುಬಾಯಿ, ಗೊಜ್ಜು. ಆದರೆ ಬೇಯಿಸಿದ್ದು ಈ ಕಡೆಯಿಂದ ಆ ಕಡೆಗೆ ಹೋಗ್ತಿರಲಿಲ್ಲ. ನಾವು ಮಾಂಸ ತಿನ್ನೋರು. ಯಾರೂ ಬಾಯಿಬಿಟ್ಟು ಹೇಳಿದ್ದಲ್ಲ. ಅಮ್ಮ ಒಂದೇ ವಾರದಲ್ಲಿ ಅದನ್ನ ಓದಿಕೊಂಡಳು. ಅವರ ಪಾತ್ರೆಯನ್ನ ಹುಣಸೆಹುಳಿ ಹಾಕಿ ತಿಕ್ಕಿ ತೊಳೆದು, ಅದರಲ್ಲಿ ಕಡೂರಿನ ಹುರುಳಿ, ಶೇಂಗಾ, ಅಚ್ಚುಬೆಲ್ಲ, ಕೊಬ್ಬರಿ, ಹೀಗೆ ಹಸಿಯಾದದ್ದನ್ನೇ ತುಂಬಿ ಕಳಿಸ್ತಿದ್ದಳು. ಆರು ವರ್ಷ ಅವಳು ಆ ಲೆಕ್ಕ ತಪ್ಪಲಿಲ್ಲ. ನೆನಪು ಸಿಹಿ ಅಂತ ಇದನ್ನ ಬಿಟ್ಟು ಬರೆದರೆ ಅದು ಅಮ್ಮನ ಆ ಲೆಕ್ಕಕ್ಕೆ ಮಾಡೋ ಮೋಸ.

ಅನಂತಮೂರ್ತಿಯವರ ‘ಸಂಸ್ಕಾರ’ ನಾನು ಓದಿದ್ದು ಇಂಜಿನಿಯರಿಂಗ್ ಹಾಸ್ಟೆಲಿನಲ್ಲಿ. 1970ರ ಸಿನಿಮಾದ ಚಿತ್ರೀಕರಣ ನಡೆದದ್ದು ಶೃಂಗೇರಿ ಹತ್ತಿರದ ವೈಕುಂಠಪುರದಲ್ಲೇ. ಹೆಣ ಎತ್ತೋ ತನಕ ಅಗ್ರಹಾರದವರು ಹಸಿದು ಕೂರೋ ಆ ಕಥೆಯಲ್ಲಿ ಎಲ್ಲರೂ ಪ್ರಾಣೇಶಾಚಾರ್ಯರ ಬಗ್ಗೆ ಮಾತಾಡ್ತಾರೆ. ನನಗೆ ನೆನಪಾಗ್ತಿದ್ದದ್ದು ಬೇಲಿ ಮೇಲೆ ಕೈಬದಲಾಗೋ ಸ್ಟೀಲ್ ಪಾತ್ರೆ.

ಅಪ್ಪೆಮಿಡಿ ವಿಷಯ ಅರ್ಧಕ್ಕೇ ಬಿಟ್ಟೆ. ಹೊಳೆದಂಡೆಯ ಕಾಡುಮಾವಿನ ಎಳೇ ಮಿಡಿ ಅದು. ತೊಟ್ಟು ಮುರಿದು ಸೊನೆ ಮೂಸಿದರೆ ಮರದ ಜಾತಿ ಗೊತ್ತಾಗುತ್ತೆ ಅಂತ ಭಟ್ರಮ್ಮ ಹೇಳಿಕೊಟ್ಟಿದ್ದರು. ಒಂದು ಜೀರಿಗೆ, ಇನ್ನೊಂದು ಕರ್ಪೂರ. ಕಲ್ಲುಪ್ಪಿನಲ್ಲಿ ಹಾಕಿ, ಮೇಲೆ ಕಲ್ಲು ಹೇರಿಟ್ಟು, ಸುಕ್ಕುಗಟ್ಟಿದ ಮೇಲೆ ಸಾಸಿವೆ ಖಾರ ಕಲಸೋದು. ಒದ್ದೆ ಕೈ ಮುಟ್ಟಿದರೆ ಭರಣಿಗೆ ಭರಣಿಯೇ ಹಾಳು. ಎರಡು ವರ್ಷದ ಹಳೇ ಮಿಡಿ ನಂಜಿಕೊಂಡು ಗಂಜಿ ಉಂಡವರಿಗೆ ಬೇರೆ ಉಪ್ಪಿನಕಾಯಿ ಉಪ್ಪಿನಕಾಯಿಯೇ ಅಲ್ಲ. ಇದರಲ್ಲಿ ನಾನು ಜಗಳಕ್ಕೂ ತಯಾರು.

ಮಠದ ಊಟವನ್ನ ಎಲ್ಲರೂ ಬರೀತಾರೆ, ನಾನೂ ಎರಡು ಸಾಲು ಬರೀತೀನಿ. ಶನಿವಾರ ಬೆಳಗಿನ ಸ್ಕೂಲ್ ಮುಗಿದ ಮೇಲೆ ನಾವು ನಾಲ್ಕು ಜನ ಸೀದಾ ಅಲ್ಲಿಗೆ. ಸಾಲಾಗಿ ನೆಲದ ಮೇಲೆ ಕೂತು ಅನ್ನ, ಸಾರು, ಪಾಯಸ, ಮಜ್ಜಿಗೆ. ಆಮೇಲೆ ತುಂಗೆಯ ಮೆಟ್ಟಿಲಲ್ಲಿ ಕೂತು ಮೀನಿಗೆ ಪುರಿ ಹಾಕೋದು. ಆ ಮೀನನ್ನ ಯಾರೂ ಹಿಡಿಯೋ ಹಾಗಿಲ್ಲ, ಅದು ಅವಕ್ಕೂ ಗೊತ್ತು, ಅಷ್ಟು ಕೊಬ್ಬು! ಹೊಳೆ ಉಕ್ಕಿ ಗಾಂಧಿ ಮೈದಾನಕ್ಕೆ ನೀರು ಬಂದರೆ ಸ್ಕೂಲಿಗೆ ರಜೆ ಗ್ಯಾರಂಟಿ. ರಜೆ ಅಂತ ನಾವು ಕುಣೀತಿದ್ವಿ. ಅಂಥ ದಿನವೇ ಅಪ್ಪನಿಗೆ ಕೆಲಸ ಜಾಸ್ತಿ ಅನ್ನೋದು ತಲೆಗೆ ಹೋಗ್ತಿದ್ದದ್ದು ಅಮ್ಮನ ಮುಖ ನೋಡಿದ ಮೇಲೆ.

2007ರ ಆಗಸ್ಟಿನಲ್ಲಿ ಒಂದು ರಾತ್ರಿ ಅಪ್ಪ ಬರಲಿಲ್ಲ. ಕಂಬ ಹತ್ತಿದಾಗ ಏನೂ ಆಗಿರಲಿಲ್ಲ. ಕೆಲಸ ಮುಗಿಸಿ ಇಳಿದು ಬರೋವಾಗ ತೋಟದ ಪಾಚಿಗಟ್ಟಿದ ಕಲ್ಲಿನ ಸಂಕದ ಮೇಲೆ ಜಾರಿ ಕೆಳಗೆ ಬಿದ್ದಿದ್ದರು. ತೊಡೆಮೂಳೆ ಮುರಿದಿತ್ತು. ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದರು, ಅಮ್ಮ ಜೊತೆಗೆ ಹೋದಳು. ಮನೆಯಲ್ಲಿ ನಾನು, ಹದಿಮೂರು ವರ್ಷ, ತಮ್ಮ, ಒಂಬತ್ತು.

ಹನ್ನೊಂದು ದಿನ ನಮಗೆ ಉಣ್ಣಿಸಿದ್ದು ಭಟ್ರಮ್ಮ. ಅವರ ಜಗುಲಿಯಲ್ಲಿ ಬಾಳೆಲೆ ಹಾಕಿ, ಎದುರಿಗೆ ಮೆಟ್ಟಿಲ ಮೇಲೆ ತಾವು ಕೂತು, ತಮ್ಮ ಅತ್ತಾಗಲೆಲ್ಲ ಇನ್ನೊಂದು ಮಿಳ್ಳೆ ತುಪ್ಪ ಹಾಕ್ತಿದ್ದರು. ಉಂಡ ಮೇಲೆ ಎಲೆ ನಾವೇ ಎತ್ತಿ, ಜಾಗ ನಾವೇ ಒರೆಸಿ ಬರ್ತಿದ್ವಿ. ಒಳಗೆ ಕರೀಲಿಲ್ಲ. ರಾತ್ರಿ ಮಾತ್ರ ಅವರೇ ನಮ್ಮ ಮನೆಗೆ ಬಂದು, ನಮ್ಮಿಬ್ಬರ ನಡುವೆ ಚಾಪೆ ಹಾಕಿಕೊಂಡು ಮಲಗ್ತಿದ್ದರು, ಹನ್ನೊಂದೂ ರಾತ್ರಿ. ಬರೋವಾಗ ಕುಡಿಯೋಕೆ ಅಂತ ತಮ್ಮ ಮನೆಯ ನೀರನ್ನ ಒಂದು ಚೊಂಬಿನಲ್ಲಿ ತರ್ತಿದ್ದರು. ತಮ್ಮ ನಿದ್ದೆಯಲ್ಲಿ ಕಾಲು ಹಾಕಿದರೆ ಹಾಗೇ ಇರಗೊಡ್ತಿದ್ದರು. ನಮ್ಮ ಹಂಡೆಯ ನೀರು ಮುಟ್ಟಲಿಲ್ಲ. ಈ ಎರಡನ್ನೂ ಒಂದೇ ಮನುಷ್ಯರಲ್ಲಿ ಹೇಗೆ ಇಟ್ಟುಕೊಳ್ಳೋದು ಅಂತ ನನಗೆ ಆಗಲೂ ತಿಳಿಯಲಿಲ್ಲ, ಈಗಲೂ ಪೂರ್ತಿ ತಿಳಿದಿಲ್ಲ. ಅವರ ಮೇಲೆ ಸಿಟ್ಟು ಮಾಡಿಕೊಳ್ಳೋಕೆ ಹೋದರೆ ಆ ತುಪ್ಪದ ವಾಸನೆ ಅಡ್ಡ ಬರುತ್ತೆ. ಹೊಗಳೋಕೆ ಹೋದರೆ ಆ ಚೊಂಬು.

ಅಪ್ಪ ಕುಂಟುತ್ತಾ ಮನೆಗೆ ಬಂದ ದಿನ ಅಮ್ಮ ಬೇಲಿ ಹತ್ತಿರ ನಿಂತು ಏನೋ ಹೇಳೋಕೆ ಹೋಗಿ ಅತ್ತಳು. ಭಟ್ರಮ್ಮ “ಅದೆಂತಕ್ಕೆ ಅಳ್ತೀಯೆ, ಮಕ್ಕಳಿಗೆ ಉಣ್ಣಾಕಿದ್ದೂ ಒಂದು ಕೆಲಸವಾ?” ಅಂದು ಒಳಗೆ ಹೋದರು.

ನರಸಿಂಹರಾಜಪುರಕ್ಕೆ ಬಂದದ್ದು 2010ರಲ್ಲಿ. ಮೈಸೂರಿನ ಯುವರಾಜರ ಹೆಸರು ಊರಿಗೆ ಬಂದು ಕಾಲವಾಯ್ತು, ಹಳಬರ ಬಾಯಲ್ಲಿ ಇನ್ನೂ ಎಡೇಹಳ್ಳಿಯೇ. ಹಿಂದೆ ತರೀಕೆರೆಯಿಂದ ಇಲ್ಲಿಗೆ ಟ್ರಾಮ್ ರೈಲು ಓಡ್ತಿತ್ತು ಅಂತ ಮನೆ ಮಾಲೀಕರ ತಂದೆ ಹೇಳ್ತಿದ್ದರು. ಆಮೇಲೆ ಲಕ್ಕವಳ್ಳಿಯಲ್ಲಿ ಭದ್ರೆಗೆ ಅಣೆಕಟ್ಟು ಬಂದು ಹಿನ್ನೀರು ಇಲ್ಲಿಯ ತನಕ ಬಂತು. ಹಾಗಾಗಿ ಇಲ್ಲಿ ಮೀನಿಗೆ ಬರವಿಲ್ಲ.

ಪಕ್ಕದ ಮನೆಯವರು ಕೇರಳದಿಂದ ಬಂದು ರಬ್ಬರ್, ಶುಂಠಿ ಮಾಡಿಕೊಂಡಿದ್ದ ಕ್ರೈಸ್ತರು. ಆ ತಾಲ್ಲೂಕಿನಲ್ಲಿ ಅಂಥ ಕುಟುಂಬಗಳು ಬೇಕಾದಷ್ಟಿವೆ. ಚೇಚಿಯ ಕನ್ನಡ ಅರ್ಧ ಮಲಯಾಳಂ, ಅಮ್ಮನದು ಪೂರ್ತಿ ಕಡೂರು. ಇಬ್ಬರೂ ಮಾತಾಡ್ತಿದ್ದದ್ದು ಜಾಸ್ತಿ ಕೈಯಲ್ಲೇ. ಮೊದಲ ವಾರ ಚೇಚಿ ಮರಗೆಣಸು ತಂದುಕೊಟ್ಟು, “ಬೇಯಿಸಿ ನೀರು ಚೆಲ್ಲಬೇಕು, ಕುಡೀಬಾರದು” ಅಂತ ಸನ್ನೆ ಮಾಡಿ ತೋರಿಸಿದರು. ಅಮ್ಮ ನಕ್ಕುಬಿಟ್ಟಳು. ಅದೇ ಕಳಲೆ ಪಾಠ! ಹಸಿ ಮರಗೆಣಸಿನಲ್ಲೂ ಇರೋದು ಅದೇ ವಿಷ.

ಇನ್ನೊಂದು ತಮಾಷೆ ಉಪ್ಪಾಗೆಯದು. ಕೊಪ್ಪ, ಶೃಂಗ‌ೇರಿ ಕಡೆ ಕಾಡಿನಲ್ಲಿ ಉಪ್ಪಾಗೆ ಹಣ್ಣು ಹೆಕ್ಕಿ, ಸಿಪ್ಪೆ ಹೊಗೆಯಲ್ಲಿ ಒಣಗಿಸಿ ವ್ಯಾಪಾರಿಗಳಿಗೆ ಮಾರ್ತಾರೆ. ಅದು ಎಲ್ಲಿಗೆ ಹೋಗುತ್ತೆ, ಯಾರು ತಿಂತಾರೆ ಅಂತ ಅಮ್ಮ ಯಾವಾಗಲೂ ಕೇಳ್ತಿದ್ದಳು. ಉತ್ತರ ಚೇಚಿಯ ಮಣ್ಣಿನ ಮಡಕೆಯಲ್ಲಿ ಸಿಕ್ಕಿತು. ಅವರ ಕೊಡಂಪುಳಿ ಅಂದರೆ ಇದೇ. ಕಪ್ಪಗೆ, ಹೊಗೆ ವಾಸನೆಯ ಆ ಸಿಪ್ಪೆ ಎರಡು ಚೂರು ಬಿದ್ದ ಮೀನು ಸಾರು ಮಾರನೇ ದಿನಕ್ಕೆ ಇನ್ನೂ ರುಚಿ. ಮರಗೆಣಸಿಗೆ ಆ ಸಾರು, ಮುದ್ದೆಗೂ ಅದೇ ಸಾರು! ಮುದ್ದೆ ಜೊತೆ ತಿಂದು ತೋರಿಸಿದ್ದು ಅಪ್ಪ. ಚೇಚಿಯ ಗಂಡ ಆಮೇಲೆ ವಾರಕ್ಕೊಮ್ಮೆ ಮುದ್ದೆ ಕೇಳಿ ತರಿಸಿಕೊಳ್ತಿದ್ದರು. ಇಲ್ಲಿ ಪಾತ್ರೆಗಳು ಎರಡೂ ಕಡೆ ಓಡಾಡಿದವು, ಬೇಯಿಸಿದ್ದನ್ನೇ ತುಂಬಿಕೊಂಡು. ಕ್ರಿಸ್‌ಮಸ್‌ಗೆ ಪ್ಲಮ್ ಕೇಕ್ ಬಂದರೆ ದೀಪಾವಳಿಗೆ ಕಜ್ಜಾಯ ಹೋಗ್ತಿತ್ತು. ಅಮ್ಮ ಆ ಎರಡು ವರ್ಷ ಅಡುಗೆಮನೆಯಲ್ಲಿ ಹಾಡಿಕೊಳ್ತಿದ್ದಳು. ಕಾರಣ ನಾನು ಊಹಿಸಬಲ್ಲೆ, ಅವಳನ್ನ ಕೇಳಿಲ್ಲ.

ಆಮೇಲೆ ನಾನು ಇಂಜಿನಿಯರಿಂಗು, ಬೆಂಗಳೂರು. ಅಪ್ಪ ನಿವೃತ್ತಿಯಾಗಿ ಇಬ್ಬರೂ ಕಡೂರಿನ ಮನೆಗೆ ಬಂದರು. ಕೊಪ್ಪದ ಅಜ್ಜಮ್ಮ ತೀರಿಕೊಂಡರು. ಸಹಕಾರ ಸಾರಿಗೆ ಬಸ್ಸುಗಳು ನಷ್ಟದಲ್ಲಿ ಸಿಕ್ಕಿ 2020ರ ಫೆಬ್ರವರಿಯಲ್ಲಿ ನಿಂತುಹೋದವು, ಲಾಕ್‌ಡೌನಿಗೆ ಒಂದು ತಿಂಗಳು ಮೊದಲು. ಆ ಸುದ್ದಿ ಓದಿದ ದಿನ ನಾನು ಆಫೀಸಿನ ಕ್ಯಾಬ್‌ನಲ್ಲಿದ್ದೆ. ಪಕ್ಕದವಳಿಗೆ ಹೇಳೋಕೆ ಹೋಗಿ, ಒಂದು ಬಸ್ ಕಂಪನಿ ನಿಂತದ್ದಕ್ಕೆ ಯಾಕೆ ಇಷ್ಟು ಬೇಜಾರು ಅಂತ ವಿವರಿಸೋಕಾಗದೆ ಸುಮ್ಮನಾದೆ.

ಈಗ ಬೆಂಗಳೂರಲ್ಲಿ ಫೋನಿನಲ್ಲೇ ಅಪ್ಪೆಮಿಡಿ ತರಿಸಬಹುದು, ಹಲಸಿನ ಹಪ್ಪಳವೂ ಸಿಗುತ್ತೆ. ಚೆನ್ನಾಗಿಲ್ಲ ಅಂತ ಸುಳ್ಳು ಹೇಳಲ್ಲ, ಚೆನ್ನಾಗೇ ಇರುತ್ತೆ. ಕಡೂರಿನಲ್ಲಿ ಅಮ್ಮನ ಕಷ್ಟ ಬೇರೆ ಥರ. ಅಲ್ಲಿ ಅವಳು ಬಚ್ಚಲ ನೀರು ಹೋಗೋ ಕಡೆ ಕೆಸು ಬೆಳೆಸಿ ಪತ್ರೊಡೆ ಮಾಡಿದರೆ ಚಿಕ್ಕಮ್ಮಂದಿರು “ಇದೇನಕ್ಕಾ, ಸೊಪ್ಪಿನ ಚಾಪೆ ಸುತ್ತಿದೀಯಾ” ಅಂತ ನಗ್ತಾರೆ. ಹುಟ್ಟಿದೂರಿನಲ್ಲಿ ಅವಳು ಮಲೆನಾಡಿನೋಳು. ಮಲೆನಾಡಿನಲ್ಲಿ ಇಪ್ಪತ್ತು ವರ್ಷವೂ ಅವಳು ಬಯಲುಸೀಮೆಯೋಳು.

ಹೋದ ವರ್ಷ ಜುಲೈನಲ್ಲಿ ಎರಡು ದಿನ ರಜೆ ಹಾಕಿ ಅಪ್ಪ ಅಮ್ಮನನ್ನ ಶೃಂಗೇರಿಗೆ ಕರೆದುಕೊಂಡು ಹೋಗಿದ್ದೆ. ಭಟ್ಟರು ಇಲ್ಲ. ಮಗ ಬೆಂಗಳೂರಿನಲ್ಲಿ, ನನ್ನ ಹಾಗೇ ಸಾಫ್ಟ್‌ವೇರು. ಭಟ್ರಮ್ಮ ಒಬ್ಬರೇ. ನಾವಿದ್ದ ಬಾಡಿಗೆ ಮನೆಯ ಹಂಚು ಅರ್ಧ ಕುಸಿದಿತ್ತು. ತೋಟಕ್ಕೆ ಇಳಿದು ನೋಡಿದರೆ ಅಡಿಕೆ ಮರದ ಗರಿಗಳೆಲ್ಲ ಹಳದಿ. ಹಳದಿ ಎಲೆ ರೋಗ ಶೃಂಗೇರಿ, ಕೊಪ್ಪದ ಕಡೆ ಹೊಸದಲ್ಲ, ದಶಕಗಳಿಂದ ಇದೆ. ಮದ್ದಿಲ್ಲ. ಮರ ಒಮ್ಮೆಲೇ ಸಾಯೋದಿಲ್ಲ, ವರ್ಷದಿಂದ ವರ್ಷಕ್ಕೆ ಫಸಲು ಇಳಿಯುತ್ತಾ ಹೋಗುತ್ತೆ. ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವೂ ಸೇರಿಕೊಂಡಿದೆ. ಆ ಕಡೆಯ ನನ್ನ ವಯಸ್ಸಿನವರೆಲ್ಲ ಯಾಕೆ ಬೆಂಗಳೂರಲ್ಲಿ ಸಿಗ್ತಾರೆ ಅನ್ನೋದಕ್ಕೆ ಇದೂ ಒಂದು ಕಾರಣ.

ಅಮ್ಮ ಅಭ್ಯಾಸದಂತೆ ಜಗುಲಿಯ ಮೆಟ್ಟಿಲ ಮೇಲೆ ಕೂತಳು. ಭಟ್ರಮ್ಮ ಗೋಡೆ ಹಿಡಿದುಕೊಂಡು ಒಳಗೆ ಹೋದವರು ಅಲ್ಲಿಂದಲೇ ಕರೆದರು.

“ಅಲ್ಲೇ ಎಂತಕ್ಕೆ ಕೂತೆ? ಒಳಗೆ ಬಾ. ನಂಗೆ ನಿಲ್ಲಕ್ಕಾಗ್ತಿಲ್ಲ, ಮಂಡಿ ನೋವು. ಹುಳಿಗೆ ಒಗ್ಗರಣೆ ನೀನೇ ಹಾಕು.”

ಅಮ್ಮ ನನ್ನ ಮುಖ ನೋಡಿದಳು. ಆಮೇಲೆ ಎದ್ದು, ಬಚ್ಚಲಲ್ಲಿ ಕೈಕಾಲು ತೊಳೆದು, ಸೆರಗು ಸಿಕ್ಕಿಸಿಕೊಂಡು ಆ ಅಡುಗೆಮನೆಯ ಹೊಸಿಲು ದಾಟಿದಳು. ಆರು ವರ್ಷ ಪಕ್ಕದಲ್ಲಿದ್ದರೂ ಅವಳು ನೋಡದ ಜಾಗ ಅದು. ಸಾಸಿವೆ ಡಬ್ಬಿ ಎಲ್ಲಿದೆ ಅಂತ ಭಟ್ರಮ್ಮ ಕುರ್ಚಿಯಲ್ಲಿ ಕೂತೇ ಕೈ ತೋರಿಸ್ತಿದ್ದರು. ನಾಲ್ಕೂ ಜನ ಒಳಗೇ ಕೂತು ಉಂಡ್ವಿ. ಎಲೆ ಎತ್ತೋಕೆ ಹೋದರೆ “ಇರಲಿ ಬಿಡು, ಕೆಲಸದೋಳು ಬತ್ತಾಳೆ” ಅಂದರು. ಕಾಲ ಬದಲಾಗಿ ಕರೆದರೋ, ಒಗ್ಗರಣೆ ಹಾಕೋಕೆ ಮನೆಯಲ್ಲಿ ಬೇರೆ ಯಾರೂ ಇಲ್ಲದ್ದಕ್ಕೆ ಕರೆದರೋ, ನನಗೆ ಗೊತ್ತಾಗಲಿಲ್ಲ. ಅಮ್ಮನಿಗೆ ಅದನ್ನ ಯೋಚಿಸೋ ಪುರುಸೊತ್ತು ಇದ್ದ ಹಾಗೆ ಕಾಣಲಿಲ್ಲ. ಹುಳಿಗೆ ಉಪ್ಪು ಕಮ್ಮಿಯಾಗಿತ್ತು ಅಂತ ಅವಳಿಗೆ ಸಂಕಟ.

ಹೊರಡೋವಾಗ ಭಟ್ರಮ್ಮ ಅದೇ ಹಳೇ ಸ್ಟೀಲ್ ಪಾತ್ರೆಯಲ್ಲಿ ಅಪ್ಪೆಮಿಡಿ ಹಾಕಿ, ಮುಚ್ಚಳದ ಮೇಲೆ ಬಟ್ಟೆ ಕಟ್ಟಿ ಕೊಟ್ಟರು. “ಇದರಲ್ಲಿ ಮತ್ತೆ ಹುರುಳಿ ತುಂಬಿಕೊಂಡು ಬರಬೇಡ. ಬೇಯ್ಸಿಕೊಳ್ಳೋಕೆ ನಂಗೆ ಆಗಲ್ಲ. ಎಂತಾದ್ರೂ ಮಾಡಿದ್ದೇ ತಗೊಂಡ್ ಬಾ.”

ಕಾರು ಹತ್ತಿದ ಮೇಲೆ ಬಾಳೆಹೊನ್ನೂರಿನ ತನಕ ಅಮ್ಮ ಒಂದೇ ವಿಷಯ ಯೋಚಿಸ್ತಿದ್ದಳು. ಕಡೂರಿನಿಂದ ಶೃಂಗೇರಿ ಮುಟ್ಟೋ ತನಕ ಕೆಡದೇ ಇರೋ ಅಂಥದ್ದು ಏನು ಮಾಡೋದು? ಹುಣಸೆ ಗೊಜ್ಜು ಅಂದೆ. “ಗೊಜ್ಜು ಅವರದ್ದೇ ಚೆನ್ನಾಗಿರುತ್ತೆ” ಅಂದಳು. ಶೇಂಗಾ ಹೋಳಿಗೆ? “ಅವರಿಗೆ ಹಲ್ಲಿಲ್ಲ.” ಎಳ್ಳಿನ ಚಿಗಳಿ? ಅದಕ್ಕೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಹಿಂದಿನ ಸೀಟಿನಲ್ಲಿ ಕಾಲು ಚಾಚಿಕೊಂಡಿದ್ದ ಅಪ್ಪ ಕಣ್ಣು ಮುಚ್ಚಿಕೊಂಡೇ ಹೇಳಿದರು, “ಮುದ್ದೆ ಒಂದು ಬೇಡ. ಕೊಪ್ಪ ದಾಟೋ ಹೊತ್ತಿಗೆ ಕಲ್ಲಾಗಿರುತ್ತೆ.”